ನಡಿಗೆಯನ್ನು ಮರಳಿ ಕಲಿಸಿದವರು

ಈ ಪುಟಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಫಿಸಿಯೋಥೆರಪಿ ವೃತ್ತಿಯಲ್ಲಿದ್ದಾರೆ. "ರಾಜಮಹಾರಾಜರ ಚರಿತ್ರೆಯನ್ನು ಎಷ್ಟೊಂದು ಬರೆಯುತ್ತೀರಿ ಸಾರ್, ನಮ್ಮ ಕಸುಬಿಗೂ ಒಂದು ಚರಿತ್ರೆಯಿದೆಯಲ್ಲ?" ಎಂದು ಅವರಲ್ಲೊಬ್ಬಳು ಕೇಳಿದ್ದಳು. ಆ ಮಾತು ಮನಸ್ಸಿನಲ್ಲಿ ಉಳಿದುಕೊಂಡು ಒಂದಷ್ಟು ಓದುವಂತೆ ಮಾಡಿತು. ಓದುತ್ತ ಹೋದಂತೆ ಇದು ವೈದ್ಯರ ಚರಿತ್ರೆಯಷ್ಟೇ ಅಲ್ಲ, ಮೇಷ್ಟರ ಚರಿತ್ರೆಯೂ ಹೌದು ಎನ್ನಿಸಿತು. ಚಲನೆ ತಾನಾಗಿ ಮಾಗುವಂಥದ್ದೋ, ಕಲಿಸಿದರೆ ಬರುವಂಥದ್ದೋ? ಒಮ್ಮೆ ಹೋದದ್ದನ್ನು ಮತ್ತೆ ಕಲಿಸಲು ಬರುತ್ತದೆಯೋ? ನೂರೈವತ್ತು ವರ್ಷಗಳಿಂದ ಈ ಪ್ರಶ್ನೆಗಳ ಸುತ್ತಲೇ ಇವರ ವಾದವಿವಾದಗಳು ನಡೆದಿವೆ. ಯಾವ ಕಾಲದಲ್ಲಿ ಯಾವ ಉತ್ತರ ಗೆದ್ದಿತು ಎಂಬುದರ ಮೇಲೆ ಲಕ್ವ ಹೊಡೆದವರು ಹಾಸಿಗೆಯಲ್ಲಿ ಉಳಿದರೋ ಎದ್ದು ನಿಂತರೋ ಎಂಬುದು ನಿರ್ಧಾರವಾಗಿದೆ.

ಆರಂಭವನ್ನು ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಅವರಿಂದ ಮಾಡಬಹುದು. 1810ರಲ್ಲಿ ಹುಟ್ಟಿದ ಈತನಿಗೆ ಬಾಲ್ಯದಲ್ಲೇ ಕಾಯಿಲೆಯಿಂದ ಒಂದು ಪಾದ ಸೊಟ್ಟಗಾಗಿತ್ತು. ಅದನ್ನು ಸರಿಪಡಿಸಬಲ್ಲವರನ್ನು ಹುಡುಕಿಕೊಂಡು ವೈದ್ಯನಾದ ಮೇಲೆ ಜರ್ಮನಿಯ ಹ್ಯಾನೋವರಿಗೆ ಹೋಗಿ, 1836ರಲ್ಲಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯರಿಂದ ಚಿಕಿತ್ಸೆ ಪಡೆದು, ಅದೇ ವಿದ್ಯೆಯನ್ನು ಕಲಿತು ಲಂಡನ್ನಿಗೆ ಮರಳಿ ಬಂದರು. 1861ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಅವರು ಓದಿದ ಪ್ರಬಂಧ ಪ್ರಸಿದ್ಧವಾದದ್ದು. ಕೆಲವು ಮಕ್ಕಳ ಕೈಕಾಲುಗಳು ಸೆಟೆದುಕೊಂಡಿರುವುದಕ್ಕೆ, ನಡಿಗೆ ಬಾರದಿರುವುದಕ್ಕೆ ಅವಧಿಗೆ ಮುನ್ನ ಆದ ಹೆರಿಗೆ, ಕಷ್ಟದ ಹೆರಿಗೆ, ಹುಟ್ಟಿದೊಡನೆ ಉಸಿರು ಕಟ್ಟಿದ್ದು ಇವು ಕಾರಣವೆಂದು ಅವರು ವಾದಿಸಿದರು. ಬಹುಕಾಲ ಈ ಸ್ಥಿತಿಯನ್ನು 'ಲಿಟಲ್‌ನ ರೋಗ' ಎಂದೇ ಕರೆಯುತ್ತಿದ್ದರು. ಇಂದು ನಾವು ಅದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತೇವೆ.

ಇದಕ್ಕೆ ಎದುರುವಾದ ಹೂಡಿದವರು ಯಾರೆಂದು ತಿಳಿದರೆ ನಿಮಗೆ ಆಶ್ಚರ್ಯವಾದೀತು. ಸಿಗ್ಮಂಡ್ ಫ್ರಾಯ್ಡ್! ಕನಸುಗಳ ಅರ್ಥ ಹೇಳಲು ಹೊರಡುವ ಮೊದಲು ಅವರು ವಿಯೆನ್ನಾದ ಮಕ್ಕಳ ಚಿಕಿತ್ಸಾಲಯವೊಂದರಲ್ಲಿ ನರರೋಗ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ವೈದ್ಯರು. 1897ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು, ಕಷ್ಟದ ಹೆರಿಗೆಯೇ ಕಾರಣವಾಗಿರಬೇಕಿಲ್ಲ, ಗರ್ಭದಲ್ಲಿಯೇ ಮೊದಲಾದ ಯಾವುದೋ ತೊಂದರೆಯಿಂದ ಹೆರಿಗೆಯೂ ಕಷ್ಟವಾಗಿರಬಹುದು ಎಂದರು. ಅಂದು ಅದನ್ನು ಕಿವಿಯ ಮೇಲೆ ಹಾಕಿಕೊಂಡವರು ಕಡಿಮೆ. 1980ರ ದಶಕದಲ್ಲಿ ಸಾವಿರಾರು ಹೆರಿಗೆಗಳನ್ನು ಹಿಂಬಾಲಿಸಿ ಲೆಕ್ಕಹಾಕಿದಾಗ, ಹುಟ್ಟುವಾಗ ಉಸಿರು ಕಟ್ಟಿದ್ದೇ ಕಾರಣವಾದ ಪ್ರಸಂಗಗಳು ಒಟ್ಟಿನಲ್ಲಿ ಸ್ವಲ್ಪ ಭಾಗ ಮಾತ್ರ ಎಂದು ಕಂಡುಬಂತು. ಅಷ್ಟರೊಳಗೆ ಎಷ್ಟು ಸೂಲಗಿತ್ತಿಯರು, ಎಷ್ಟು ತಾಯಂದಿರು ತಪ್ಪು ಹೊತ್ತುಕೊಂಡು ಬದುಕಿದ್ದರೋ.

ಲಿಟಲ್ ಕಾರಣ ಹುಡುಕಿದರು. ಕಲಿಸುವ ಕೆಲಸ ಶುರುವಾದದ್ದು ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಸಣ್ಣ ಊರಿನಲ್ಲಿ. (ರೆಡ್ ಕ್ರಾಸ್ ಸ್ಥಾಪಕರಾದ ಹೆನ್ರಿ ಡ್ಯೂನಾಂಟ್ ತಮ್ಮ ಕೊನೆಯ ವರ್ಷಗಳನ್ನು ಬಡತನದಲ್ಲಿ ಕಳೆದದ್ದೂ ಇದೇ ಊರಿನಲ್ಲಿ. ಎಂಟನೆಯ ತರಗತಿಯಲ್ಲಿ ಇದನ್ನು ಕೇಳಿದ್ದು ಕೆಲವರಿಗಾದರೂ ನೆನಪಿರಬೇಕು.) ಅಲ್ಲಿ ಹೈನ್ರಿಖ್ ಫ್ರೆಂಕೆಲ್ ಎಂಬ ತರುಣ ವೈದ್ಯರಿದ್ದರು. ಆ ಕಾಲದಲ್ಲಿ ಸಿಫಿಲಿಸ್ ರೋಗ ಹಳತಾಗಿ ಬೆನ್ನುಹುರಿಯ ಹಿಂಭಾಗವನ್ನು ತಿಂದುಹಾಕುತ್ತಿದ್ದದ್ದು ಯುರೋಪಿನಲ್ಲಿ ಸಾಮಾನ್ಯ. ಅಂಥ ರೋಗಿಗಳ ಸ್ನಾಯುಗಳಲ್ಲಿ ಬಲಕ್ಕೇನೂ ಕೊರತೆಯಿರಲಿಲ್ಲ. ಆದರೆ ತಮ್ಮ ಕಾಲು ಎಲ್ಲಿದೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ನಿಂತರೆ ಬೀಳುತ್ತಿದ್ದರು. ಮುಖ ತೊಳೆಯಲು ಬಗ್ಗಿ ಕಣ್ಣುಮುಚ್ಚಿದರೂ ಸಾಕು, ತೂರಾಡುತ್ತಿದ್ದರು. ಇವರಿಗೆ ಆಗ ಇದ್ದ ಚಿಕಿತ್ಸೆ ಎಂಥದ್ದು ಗೊತ್ತೆ? ಗದ್ದಕ್ಕೂ ಕಂಕುಳಿಗೂ ಪಟ್ಟಿ ಕಟ್ಟಿ ಮೇಲಿನಿಂದ ತೂಗುಹಾಕುವುದು. ಒಡೆಸಾದ ವೈದ್ಯರೊಬ್ಬರು ಆರಂಭಿಸಿದ ಈ ಪದ್ಧತಿಯನ್ನು 1889ರಲ್ಲಿ ಪ್ಯಾರಿಸಿನ ಮಹಾವೈದ್ಯ ಶಾರ್ಕೋ ಅವರೇ ಎತ್ತಿಹಿಡಿದಿದ್ದರಿಂದ ಯುರೋಪಿನ ಆಸ್ಪತ್ರೆಗಳಲ್ಲೆಲ್ಲ ರೋಗಿಗಳು ನೇತಾಡಿದರು.

ಫ್ರೆಂಕೆಲ್ ಅವರ ಬಗ್ಗೆ ಈ ವೃತ್ತಿಯವರು ಹೇಳಿಕೊಂಡು ಬಂದಿರುವ ಕಥೆ ಹೀಗಿದೆ. 1887ರಲ್ಲಿ ಅವರು ಇಂಥ ಒಬ್ಬ ರೋಗಿಗೆ ಬೆರಳನ್ನು ಮೂಗಿನ ತುದಿಗೆ ಮುಟ್ಟಿಸಲು ಹೇಳಿದರು. ಅವನಿಂದ ಆಗಲಿಲ್ಲ. ಇದೇನು ಎಂದು ಆತ ಕೇಳಿದಾಗ, ಇದೊಂದು ಪರೀಕ್ಷೆ, ಇದರಲ್ಲಿ ನೀನು ತೇರ್ಗಡೆಯಾಗಲಿಲ್ಲ ಎಂದು ವಿವರಿಸಿದರು. ಕೆಲವು ತಿಂಗಳ ತರುವಾಯ ಅದೇ ರೋಗಿ ಮರಳಿ ಬಂದಾಗ ಬೆರಳು ನೇರವಾಗಿ ಮೂಗಿಗೆ ಹೋಗಿ ಮುಟ್ಟಿತು. ವೈದ್ಯರು ಬೆರಗಾಗಿ ಹೇಗೆಂದು ಕೇಳಿದರೆ, ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಮನೆಯಲ್ಲಿ ಅಭ್ಯಾಸ ಮಾಡಿದೆ ಎಂದನಂತೆ!

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉತ್ತರಪತ್ರಿಕೆ ತಿದ್ದಿದ ನನಗೆ ಈ ರೋಗಿಯ ಮೇಲೆ ವಿಶೇಷ ಪ್ರೀತಿ. ಆದರೆ ದೊಡ್ಡತನ ಫ್ರೆಂಕೆಲ್ ಅವರದೂ ಹೌದು. ಬೇರೊಬ್ಬರಾಗಿದ್ದರೆ ಮೊದಲ ಸಲದ ಪರೀಕ್ಷೆಯೇ ತಪ್ಪಾಗಿತ್ತೆಂದು ಟಿಪ್ಪಣಿ ಬರೆದು ಮುಗಿಸುತ್ತಿದ್ದರು. ಇವರು ಅದರಲ್ಲಿ ಒಂದು ಪಠ್ಯಕ್ರಮವನ್ನೇ ಕಂಡರು. ಮೊದಲು ಮಲಗಿ, ಬಳಿಕ ಕುಳಿತು, ಆಮೇಲೆ ನಿಂತು, ಕೊನೆಗೆ ನಡೆಯುತ್ತ ಮಾಡಬೇಕಾದ ಅಭ್ಯಾಸಗಳನ್ನು ಕ್ರಮವಾಗಿ ಜೋಡಿಸಿದರು. ನಿಧಾನವಾಗಿ, ಗಟ್ಟಿಯಾಗಿ ಎಣಿಸುತ್ತ, ಕಾಲನ್ನು ಕಣ್ಣಿನಿಂದ ನೋಡುತ್ತ ಮಾಡಬೇಕು. ನೆಲದ ಮೇಲೆ ಬರೆದ ಪಾದದ ಗುರುತುಗಳ ಮೇಲೇ ಹೆಜ್ಜೆಯಿಡಬೇಕು. ಕಾಲು ಕಳಿಸಬೇಕಾದ ವರದಿ ಮೆದುಳಿಗೆ ತಲಪದಿದ್ದಾಗ ಕಣ್ಣು ಆ ಕೆಲಸವನ್ನು ವಹಿಸಿಕೊಳ್ಳಬಲ್ಲದು ಎಂಬುದು ಇದರ ತಿರುಳು. 1900ರಲ್ಲಿ ಈ ಕುರಿತ ಅವರ ಜರ್ಮನ್ ಪುಸ್ತಕವೂ ಎರಡು ವರ್ಷಗಳಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂದವು. ನಮ್ಮ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಇಂದಿಗೂ 'ಫ್ರೆಂಕೆಲ್ ವ್ಯಾಯಾಮ' ಪಾಠದಲ್ಲಿದೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮತ್ತೊಂದು ಬಗೆಯ ವಿಚಾರ ಬೇರೂರುತ್ತಿತ್ತು. ಹ್ಯೂಲಿಂಗ್ಸ್ ಜ್ಯಾಕ್ಸನ್ ನರಮಂಡಲವನ್ನು ಸರ್ಕಾರಿ ಕಚೇರಿಯಂತೆ ಕಂಡರು ಎನ್ನಬಹುದು: ಕೆಳಗೆ ಬೆನ್ನುಹುರಿಯ ಗುಮಾಸ್ತರು, ಮೇಲೆ ಮೆದುಳಿನ ಹೊರಪದರದ ಸಾಹೇಬರು. ಮೇಲಿನವರು ಕೆಳಗಿನವರನ್ನು ಹದ್ದಿನಲ್ಲಿಡುತ್ತಾರೆ, ಮೇಲಿನವರು ಹೋದರೆ ಕೆಳಗಿನವರು ಲಂಗುಲಗಾಮಿಲ್ಲದೆ ವರ್ತಿಸುತ್ತಾರೆ. ಲಕ್ವ ಹೊಡೆದ ಕೈ ಮಡಚಿ ಸೆಟೆದುಕೊಳ್ಳುವುದು ಇದರಿಂದಲೇ ಎಂಬುದು ವಿವರಣೆ. ಚಾರ್ಲ್ಸ್ ಶೆರಿಂಗ್ಟನ್ ಪರಾವರ್ತಿತ ಕ್ರಿಯೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಈ ಚಿತ್ರಕ್ಕೆ ಪ್ರಯೋಗಾಲಯದ ಬಲ ಕೊಟ್ಟರು. 1906ರ ಅವರ ಗ್ರಂಥ ನರವಿಜ್ಞಾನದ ಅಡಿಗಲ್ಲು, 1932ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ಅವರದೇ ಒಂದು ಹಳೆಯ ಪ್ರಯೋಗವನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. 1895ರಲ್ಲಿ ಮಾಟ್ ಎಂಬ ಸಹೋದ್ಯೋಗಿಯೊಡನೆ ಅವರು ಮಂಗವೊಂದರ ತೋಳಿನಿಂದ ಸ್ಪರ್ಶಜ್ಞಾನವನ್ನು ಒಯ್ಯುವ ನರಗಳನ್ನು ಮಾತ್ರ ಕತ್ತರಿಸಿದರು. ಚಲನೆಯ ನರಗಳು ಹಾಗೇ ಇದ್ದವು. ಆದರೂ ಮಂಗ ಆ ಕೈಯನ್ನು ಬಳಸುವುದನ್ನೇ ನಿಲ್ಲಿಸಿತು. ಸ್ಪರ್ಶವಿಲ್ಲದೆ ಚಲನೆಯಿಲ್ಲ ಎಂದು ಅವರು ತೀರ್ಮಾನಿಸಿದರು.

ಈಗ ಮಕ್ಕಳ ಕಡೆಗೆ ಬರೋಣ. ಕೂಸು ಮಗುಚಿಕೊಳ್ಳುತ್ತದೆ, ಕೂರುತ್ತದೆ, ಅಂಬೆಗಾಲಿಡುತ್ತದೆ, ಹೊಸಿಲು ದಾಟುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಸಂಭ್ರಮವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಗೆಸೆಲ್ ಇದನ್ನೇ ಚಲನಚಿತ್ರದಲ್ಲಿ ಹಿಡಿದು ತಿಂಗಳುವಾರು ಪಟ್ಟಿ ಮಾಡಿದರು. ಇದೆಲ್ಲ ಒಳಗಿನ ಗಡಿಯಾರದಂತೆ ಮಾಗುವಂಥದ್ದು, ಕಲಿಸಿ ಪ್ರಯೋಜನವಿಲ್ಲ ಎಂಬುದು ಅವರ ಮತ. 1929ರಲ್ಲಿ ಅವಳಿ ಹೆಣ್ಣುಮಕ್ಕಳಲ್ಲಿ ಒಂದಕ್ಕೆ ಮೆಟ್ಟಿಲು ಹತ್ತುವುದನ್ನು ಆರು ವಾರ ಕಲಿಸಿದರು. ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಎರಡೇ ವಾರ ಕಲಿಸಿದರು. ಎರಡನೆಯದು ಮೊದಲನೆಯದಕ್ಕೆ ಬೇಗನೆ ಸರಿಸಮನಾಯಿತು.

ಇದಕ್ಕೆ ಉತ್ತರ ಕೊಟ್ಟವರು ಮರ್ಟಲ್ ಮೆಗ್ರಾ. ಅಲಬಾಮಾದಲ್ಲಿ ಹುಟ್ಟಿ, ಶಾಲೆಯಲ್ಲಿದ್ದಾಗಲೇ ತತ್ವಜ್ಞಾನಿ ಜಾನ್ ಡ್ಯೂಯಿ ಅವರಿಗೆ ಪತ್ರ ಬರೆದು ಸ್ನೇಹ ಸಂಪಾದಿಸಿದ ಹೆಣ್ಣುಮಗಳು. (ಬಿ.ಎಡ್. ಮಾಡಿದವರಿಗೆ ಡ್ಯೂಯಿ ಪರಿಚಯ ಹೇಳಬೇಕಿಲ್ಲ.) ನ್ಯೂಯಾರ್ಕಿನ ಶಿಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಆಕೆ 1932ರಲ್ಲಿ ಹುಟ್ಟಿದ ಜಾನಿ ಮತ್ತು ಜಿಮ್ಮಿ ಎಂಬ ಅವಳಿ ಗಂಡುಮಕ್ಕಳನ್ನು ಆರಿಸಿಕೊಂಡರು. ಜಿಮ್ಮಿ ತೊಟ್ಟಿಲಲ್ಲಿ ಆಟಿಕೆಗಳೊಡನೆ ಉಳಿದ. ಜಾನಿಗೆ ಈಜು, ಕಡಿದಾದ ಇಳಿಜಾರು ಹತ್ತುವುದು, ಎತ್ತರದಿಂದ ಇಳಿಯುವುದು, ಗಾಲಿಯ ಸ್ಕೇಟು ಎಲ್ಲದರ ತರಬೇತಿಯಾಯಿತು. ನಡಿಗೆ ಬಂದು ಸ್ವಲ್ಪ ಕಾಲಕ್ಕೇ ಜಾನಿ ಸ್ಕೇಟಿನ ಮೇಲೆ ಓಡಾಡುತ್ತಿದ್ದ! ಪತ್ರಿಕೆಗಳು ಹುಚ್ಚೆದ್ದು ಬರೆದವು. ಮಹಾಮೇಧಾವಿಯೊಬ್ಬ ತಯಾರಾಗುತ್ತಿದ್ದಾನೆಂದು ಜನ ಕಾದರು. ಜಾನಿ ಎಲ್ಲರಂತೆ ಒಬ್ಬ ಹುಡುಗನಾಗಿ ಬೆಳೆದಾಗ ಅವೇ ಪತ್ರಿಕೆಗಳು ಗೇಲಿಯನ್ನೂ ಮಾಡಿದವು.

ಗೇಲಿ ಮಾಡಿದವರು 1935ರಲ್ಲಿ ಬಂದ ಮೆಗ್ರಾ ಅವರ ಪುಸ್ತಕವನ್ನು ಓದಿರಲಿಕ್ಕಿಲ್ಲ. ಅದರಲ್ಲಿ ಗೆಸೆಲ್‌ಗೂ ಪೂರ್ಣ ಜಯವಿಲ್ಲ, ವಿರೋಧಿಗಳಿಗೂ ಇಲ್ಲ. ನೆಟ್ಟಗೆ ಕೂರುವುದು, ನಡೆಯುವುದು ಇವುಗಳಲ್ಲಿ ತರಬೇತಿಯಿಂದ ಹೆಚ್ಚು ಭೇದವಾಗಲಿಲ್ಲ. ಈಜು, ಹತ್ತುವಿಕೆಗಳಲ್ಲಿ ಬಹಳವೇ ಆಯಿತು. ಮೂರು ಗಾಲಿಯ ಸೈಕಲ್ಲನ್ನು ಹನ್ನೊಂದನೆಯ ತಿಂಗಳಿಂದ ಕಲಿಸತೊಡಗಿದರೆ ಎಂಟು ತಿಂಗಳು ಏನೂ ಆಗದೆ, ಆಮೇಲೆ ಜಾನಿಗೆ ತಟಕ್ಕನೆ ಬಂತು. ಚೆನ್ನಾಗಿ ಬರುತ್ತಿದ್ದ ಸ್ಕೇಟಿಂಗ್ ಕಾಲುಗಳು ಉದ್ದವಾದ ಮೇಲೆ ಕೆಟ್ಟಿತು. ಆದುದರಿಂದ ಪ್ರತಿಯೊಂದು ಚಲನೆಗೂ ಅದರದೇ ಹದವಾದ ಕಾಲವಿದೆ, ಒಂದೇ ನಿಯಮ ಎಲ್ಲಕ್ಕೂ ಸಲ್ಲದು ಎಂದರು ಆಕೆ. ಆ ಅವಳಿಗಳು ತದ್ರೂಪಿ ಅವಳಿಗಳಲ್ಲ ಎಂದು ತಿಳಿದದ್ದು ಈ ಪ್ರಯೋಗದ ದುರ್ಬಲ ಜಾಗ. ಆದರೂ ಒಂದೊಂದು ವಾರದ ವರ್ತನೆಯನ್ನು ಬಿಡದೆ ದಾಖಲಿಸಿದ ಆಕೆಯ ತಾಳ್ಮೆ ಅಪರೂಪದ್ದು.

ಮಹಾಯುದ್ಧದ ಹೊತ್ತಿಗೆ ಈ ಎರಡು ಧಾರೆಗಳು, ರೋಗಿಗೆ ಕಲಿಸುವುದು ಮತ್ತು ಮಗು ಕಲಿಯುವುದು, ಲಂಡನ್ನಿನಲ್ಲಿ ಒಂದಾದವು. ಬರ್ಟಾ ಬುಸೆ ಬರ್ಲಿನ್ನಿನಲ್ಲಿ ಅಂಗಸಾಧನೆ ಕಲಿಸುತ್ತಿದ್ದ ಮೇಷ್ಟರಮ್ಮ. ನಾಜಿಗಳ ಕಾಟಕ್ಕೆ ಊರುಬಿಟ್ಟು 1938ರಲ್ಲಿ ಲಂಡನ್ ಸೇರಿದರು. ಬಾಲ್ಯದ ಪರಿಚಿತರಾದ ವೈದ್ಯ ಕಾರೆಲ್ ಬೋಬತ್ ಅವರೂ ಅಲ್ಲಿಗೆ ಬಂದಿದ್ದರು. 1941ರಲ್ಲಿ ಮದುವೆಯಾಯಿತು. ಆ ದಶಕದಲ್ಲಿ ಬರ್ಟಾ ಅವರ ಬಳಿ ಸೈಮನ್ ಎಲ್ವಿಸ್ ಎಂಬ ಹೆಸರಾಂತ ಭಾವಚಿತ್ರ ಕಲಾವಿದರು ಚಿಕಿತ್ಸೆಗೆ ಬಂದರು. ಪಾರ್ಶ್ವವಾಯುವಿನಿಂದ ಅವರ ಬಲಭಾಗ ಬಿದ್ದುಹೋಗಿತ್ತು. ಚಿತ್ರ ಬರೆಯುವ ಕೈಯೇ ಅದು! ಆಗಿನ ಪದ್ಧತಿಯೆಂದರೆ, ಬಿದ್ದ ಕೈಯನ್ನು ಜೋಲಿಗೆ ಕಟ್ಟಿ, ಇನ್ನೊಂದು ಕೈಗೆ ಊರುಗೋಲು ಕೊಟ್ಟು, ಉಳಿದ ಅರ್ಧ ದೇಹದಲ್ಲಿ ಬದುಕಲು ಕಲಿಸುವುದು. ಬರ್ಟಾ ಹಾಗೆ ಮಾಡದೆ ಬಿದ್ದ ಕೈಯನ್ನೇ ಹಿಡಿದುಕೊಂಡರು. ದೇಹವನ್ನು ಕೆಲವು ಭಂಗಿಗಳಲ್ಲಿಟ್ಟಾಗ ಕೈಯ ಸೆಟೆತ ಸಡಿಲವಾಗುವುದನ್ನು ಅವರ ಬೆರಳುಗಳು ಗುರುತಿಸಿದವು. ಏಕೆ ಹಾಗಾಗುತ್ತದೆಂದು ಕಾರೆಲ್ ಅವರು ಶೆರಿಂಗ್ಟನ್ನರ ಗ್ರಂಥಗಳಲ್ಲಿ ಹುಡುಕಿದರು. ಹೆಂಡತಿಯ ಕೈ ಮೊದಲು, ಗಂಡನ ಪುಸ್ತಕ ಆಮೇಲೆ. (ಎಲ್ವಿಸ್ ಅವರು ಮುಂದೆ ಎಡಗೈಯಲ್ಲಿ ಚಿತ್ರ ಬರೆಯಲು ಕಲಿತರು ಎಂಬುದನ್ನೂ ಹೇಳಿಬಿಡಬೇಕು.)

1951ರಲ್ಲಿ ದಂಪತಿಗಳು ಲಂಡನ್ನಿನಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ ಕೇಂದ್ರವನ್ನು ತೆರೆದರು. ಮೊದಲಿಗೆ ಮಗುವನ್ನು ಒಂದೇ ಭಂಗಿಯಲ್ಲಿ ಹಿಡಿದಿಡುತ್ತಿದ್ದರು. ಬಿಟ್ಟೊಡನೆ ಲಾಭವೆಲ್ಲ ಕರಗುವುದನ್ನು ಕಂಡು ಆ ಕ್ರಮವನ್ನು ತಾವೇ ಕೈಬಿಟ್ಟು, ಚಲಿಸುತ್ತಿರುವಾಗಲೇ ಹದವಾಗಿ ಒತ್ತಾಸೆ ಕೊಡುವ ದಾರಿಗೆ ಬಂದರು. ಬರ್ಟಾ ಅವರ ವಯಸ್ಕ ರೋಗಿಗಳ ಕುರಿತ ಪುಸ್ತಕ 1970ರಲ್ಲಿ ಬಂದು ಜಗತ್ತನ್ನೆಲ್ಲ ಸುತ್ತಿತು. 1991ರ ಜನವರಿಯಲ್ಲಿ ದಂಪತಿಗಳಿಬ್ಬರೂ ಒಂದೇ ದಿನ ತೀರಿಕೊಂಡರು.

ಈ ಬದಲಾವಣೆಯ ತೂಕ ತಿಳಿಯಬೇಕಾದರೆ ಪೋಲಿಯೋ ನೆನಪಾಗಬೇಕು. ನಮ್ಮ ಕಾಲದ ಶಾಲೆಗಳಲ್ಲಿ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಬರುತ್ತಿದ್ದ ಮಕ್ಕಳಿದ್ದರು. ಆ ಸದ್ದನ್ನು ಇಂದಿನ ಮಕ್ಕಳು ಕೇಳಿಲ್ಲ, ಕೇಳುವುದೂ ಬೇಡ. 2011ರ ಜನವರಿಯಲ್ಲಿ ಕಾಣಿಸಿಕೊಂಡದ್ದೇ ಭಾರತದ ಕೊನೆಯ ವನ್ಯ ಪೋಲಿಯೋ ಪ್ರಕರಣ. ಭಾರತದಲ್ಲಿ ಈ ವಿದ್ಯೆಯ ಶಾಲೆ 1953ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹುಟ್ಟಿದ್ದೂ ಪೋಲಿಯೋ ಹಾವಳಿಯ ಹಿನ್ನೆಲೆಯಲ್ಲಿಯೇ. ಪೋಲಿಯೋದಲ್ಲಿ ಸ್ನಾಯುವಿಗೆ ಹೋಗುವ ನರಕೋಶವೇ ಸತ್ತಿರುತ್ತದೆ, ಆದುದರಿಂದ ಉಳಿದ ಸ್ನಾಯುಗಳನ್ನು ಒಂದೊಂದಾಗಿ ಬಲಪಡಿಸುವುದೇ ಸರಿ. ಲಕ್ವದಲ್ಲಾಗಲಿ ಸೆರೆಬ್ರಲ್ ಪಾಲ್ಸಿಯಲ್ಲಾಗಲಿ ಸ್ನಾಯುವೂ ಇದೆ, ಅದಕ್ಕೆ ನರವೂ ಇದೆ, ಅಪ್ಪಣೆ ಕೆಟ್ಟಿದೆ. ಪೋಲಿಯೋದಲ್ಲಿ ಪಳಗಿದ ಕೈಗಳು ಅದೇ ಪಾಠವನ್ನು ಇಲ್ಲಿಯೂ ಒಪ್ಪಿಸುತ್ತಿದ್ದವು. ಮಿಥು ಅಲೂರ್ ಅವರು ತಮ್ಮ ಮಗಳಿಗಾಗಿ ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಕಟ್ಟಿದರು. 1980ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಸ್ಪಾಸ್ಟಿಕ್ಸ್ ಸೊಸೈಟಿ ಹುಟ್ಟಿತು.

ಆದರೆ ಕಚೇರಿಯ ಸಾಹೇಬರೇ ಎಲ್ಲವನ್ನೂ ನಡೆಸುತ್ತಾರೆ ಎಂಬ ಜ್ಯಾಕ್ಸನ್ನರ ಚಿತ್ರಕ್ಕೆ ಪೆಟ್ಟು ಬಿದ್ದದ್ದು ಅನಿರೀಕ್ಷಿತ ಜಾಗಗಳಿಂದ. ಮಾಸ್ಕೋದ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರನ್ನು ಚಿತ್ರೀಕರಿಸಿದಾಗ, ಸುತ್ತಿಗೆಯ ತಲೆ ಪ್ರತಿಸಲವೂ ಬಹುಮಟ್ಟಿಗೆ ಒಂದೇ ಕಡೆ ಬೀಳುತ್ತಿದ್ದರೂ ಭುಜ ಮೊಣಕೈಗಳು ಪ್ರತಿಸಲವೂ ಬೇರೆ ಬೇರೆ ದಾರಿ ಹಿಡಿಯುತ್ತಿದ್ದುದು ಕಂಡಿತು. ಹಾಗಾದರೆ ಮೆದುಳು ಬಾಯಿಪಾಠ ಒಪ್ಪಿಸುತ್ತಿಲ್ಲ, ಪ್ರತಿಸಲವೂ ಲೆಕ್ಕವನ್ನು ಹೊಸದಾಗಿ ಬಿಡಿಸುತ್ತಿದೆ! ಪಾವ್ಲೊವ್‌ರನ್ನು ಒಪ್ಪದ ತಪ್ಪಿಗೆ ಸ್ಟಾಲಿನ್ನನ ಕಡೆಯ ವರ್ಷಗಳಲ್ಲಿ ಅವರು ಮೂಲೆಗುಂಪಾದರು. ಅವರ ಬರಹಗಳು ಇಂಗ್ಲಿಷಿಗೆ ಬಂದದ್ದು ಅವರು ತೀರಿಕೊಂಡ ಮರುವರ್ಷ, 1967ರಲ್ಲಿ.

ಇನ್ನೊಂದು ಪೆಟ್ಟು ನೀರಿನ ತೊಟ್ಟಿಯಿಂದ ಬಂತು. ಹುಟ್ಟಿದ ಕೂಸನ್ನು ಕಂಕುಳಲ್ಲಿ ಹಿಡಿದು ಪಾದ ನೆಲಕ್ಕೆ ತಾಗಿಸಿದರೆ ಹೆಜ್ಜೆ ಹಾಕುತ್ತದೆ. ಎರಡು ತಿಂಗಳಲ್ಲಿ ಅದು ಮಾಯವಾಗುತ್ತದೆ. ಮೆದುಳಿನ ಮೇಲ್ಪದರ ಮಾಗಿ ಕೆಳಗಿನದನ್ನು ಅದುಮುತ್ತದೆ ಎಂದು ಮೆಗ್ರಾ ಮೊದಲ್ಗೊಂಡು ಎಲ್ಲರೂ ಹೇಳಿದ್ದರು. ಎಸ್ತರ್ ಥೆಲೆನ್ ಎಂಬಾಕೆ 1980ರ ದಶಕದ ಆರಂಭದಲ್ಲಿ ಬೇರೆ ಪ್ರಶ್ನೆ ಕೇಳಿದರು: ಕೂಸಿನ ತೊಡೆ ದಪ್ಪವಾದದ್ದು ಕಾರಣವಿರಬಹುದೇ? ಹೆಜ್ಜೆ ಹಾಕುತ್ತಿದ್ದ ಕೂಸಿನ ಕಾಲಿಗೆ ಸಣ್ಣ ತೂಕ ಕಟ್ಟಿದರು, ಹೆಜ್ಜೆ ಕಡಿಮೆಯಾಯಿತು. ಕೂಸುಗಳನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಹಿಡಿದರು, ಹೆಜ್ಜೆ ಹೆಚ್ಚಾಯಿತು. ಐವತ್ತು ವರ್ಷ ಮೆದುಳಿನ ಮೇಲೆ ಹೊರಿಸಿದ್ದ ಕಾರಣ ತೊಡೆಯ ಕೊಬ್ಬಿನಲ್ಲಿತ್ತು. ಇದಕ್ಕೆ ಬೇಕಾದದ್ದು ಒಂದು ತೊಟ್ಟಿ ನೀರು!

ಗೆಸೆಲ್ಲರ ತಿಂಗಳ ಪಟ್ಟಿಯೂ ಅಲ್ಲಾಡಿತು. ಕೀನ್ಯಾದ ಕಿಪ್ಸಿಗಿಸ್ ತಾಯಂದಿರು ನೆಲದಲ್ಲಿ ಸಣ್ಣ ಗುಳಿ ತೋಡಿ ಕೂಸನ್ನು ಕೂರಿಸಿ ಕಲಿಸುತ್ತಾರೆ. ಆ ಮಕ್ಕಳು ಕೂರುವುದರಲ್ಲಿ, ನಡೆಯುವುದರಲ್ಲಿ ಮುಂದು, ಯಾರೂ ಕಲಿಸದ ಅಂಬೆಗಾಲಿನಲ್ಲಿ ಮುಂದಲ್ಲ ಎಂದು 1976ರಲ್ಲಿ ಚಾರ್ಲ್ಸ್ ಸೂಪರ್ ತೋರಿಸಿದರು. ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ನೀರೆರೆಯುವ, ಸುತ್ತ ದಿಂಬು ಒತ್ತಿ ಕೂರಿಸುವ ನಮ್ಮ ಅಜ್ಜಿಯರನ್ನು ಇಂಥ ಕಣ್ಣಿನಿಂದ ನೋಡಬೇಕು. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದೆ ನಡೆಯುವುದು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಎಂದಾದರೂ ಬರಬಹುದು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದಿದ್ದವು. ಪಕ್ಕದ ಮನೆಯ ಕೂಸಿನೊಡನೆ ತಮ್ಮ ಮೊಮ್ಮಗುವನ್ನು ಹೋಲಿಸಿ ನಿದ್ದೆಗೆಡುವ ನಮ್ಮ ಬಂಧುಗಳಿಗಾಗಿ ಈ ಅಂಕಿಗಳನ್ನು ಬರೆದಿದ್ದೇನೆ.

ಈಗ ಶೆರಿಂಗ್ಟನ್ನರ ಮಂಗಕ್ಕೆ ಬರೋಣ. ಸ್ಪರ್ಶ ಹೋದ ಕೈಯನ್ನು ಅದು ನಿಜವಾಗಿ ಬಳಸಲಾರದೋ, ಬಳಸುವುದನ್ನು ಬಿಟ್ಟಿತೋ? 1917ರಲ್ಲಿಯೇ ಆಗ್ಡೆನ್ ಮತ್ತು ಫ್ರಾಂಜ್ ಎಂಬವರು ಮೆದುಳಿಗೆ ಪೆಟ್ಟಾದ ಮಂಗಗಳ ಒಳ್ಳೆಯ ಕೈಯನ್ನು ಕಟ್ಟಿಹಾಕಿ, ಬಿದ್ದ ಕೈಯನ್ನು ಬಳಸಲೇಬೇಕಾಗುವಂತೆ ಮಾಡಿ ಚೇತರಿಕೆ ಕಂಡಿದ್ದರು. ಯಾರೂ ಗಮನಿಸಲಿಲ್ಲ. ದಶಕಗಳ ಬಳಿಕ ಎಡ್ವರ್ಡ್ ಟೌಬ್ ಇದನ್ನು ಮತ್ತೆ ಎತ್ತಿಕೊಂಡರು. ಮೊದಮೊದಲು ಕೈಯೆತ್ತಲು ಹೋಗಿ ಸೋತು, ಪ್ರಯತ್ನವನ್ನೇ ಬಿಡಲು ಮಂಗ ಕಲಿಯುತ್ತದೆ. ಮುಂದೆ ಶಕ್ತಿ ಮರಳಿದರೂ ಕಲಿತ ಪಾಠ ಉಳಿದುಬಿಡುತ್ತದೆ ಎಂದರು. 1981ರಲ್ಲಿ ಮೇರಿಲ್ಯಾಂಡಿನ ಅವರ ಪ್ರಯೋಗಾಲಯಕ್ಕೆ ಪ್ರಾಣಿದಯಾಪರರ ದೂರಿನ ಮೇಲೆ ಪೊಲೀಸರು ನುಗ್ಗಿ 17 ಮಂಗಗಳನ್ನು ವಶಪಡಿಸಿಕೊಂಡರು. ಶಿಕ್ಷೆಯಾಯಿತು, 1983ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು. ಆ ಪಂಜರಗಳ ಚಿತ್ರಗಳನ್ನು ನೋಡಿದವರಿಗೆ ಮನಸ್ಸು ಕದಡುವುದು ಸಹಜ, ನನಗೂ ಕದಡಿದೆ. ಆ ಮೂಕಪ್ರಾಣಿಗಳ ಋಣ ಈ ಚಿಕಿತ್ಸೆಯ ಮೇಲಿದೆ ಎಂಬುದನ್ನು ಮುಚ್ಚಿಡಬಾರದು.

ಚಿಕಿತ್ಸೆಯೋ ಬಲು ಸರಳ. ಒಳ್ಳೆಯ ಕೈಗೆ ದಪ್ಪ ಕೈಚೀಲ ತೊಡಿಸುವುದು. ಎಚ್ಚರವಿರುವ ಹೊತ್ತಿನ ನೂರಕ್ಕೆ ತೊಂಬತ್ತು ಭಾಗ, ಎರಡು ವಾರ, ಬಿದ್ದ ಕೈಯಿಂದಲೇ ತಿನ್ನಬೇಕು, ಎತ್ತಬೇಕು, ಒರೆಸಬೇಕು, ಜೊತೆಗೆ ದಿನಕ್ಕೆ ಹಲವು ಗಂಟೆಗಳ ಅಭ್ಯಾಸ. 2006ರಲ್ಲಿ ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾದಾಗ, ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದವರಲ್ಲಿ ಇದರಿಂದ ಆದ ಸುಧಾರಣೆ ಒಂದು ವರ್ಷದ ತರುವಾಯವೂ ಉಳಿದಿತ್ತು. ಆದರೆ ಮಣಿಕಟ್ಟು ಮತ್ತು ಬೆರಳುಗಳನ್ನು ಸ್ವಲ್ಪವಾದರೂ ಮೇಲೆತ್ತಬಲ್ಲವರಿಗೆ ಮಾತ್ರ ಇದು ಸಲ್ಲುತ್ತದೆ; ಪೂರ್ತಿ ಬಿದ್ದ ಕೈಗೆ ಇದನ್ನು ಹೇಳಿ ಆಸೆ ಹುಟ್ಟಿಸಬಾರದು. ಬೋಬತ್ ಪದ್ಧತಿಯ ಮೇಲೂ ವಿಮರ್ಶೆ ನಡೆದಿದೆ. 2013ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆ, ಚಿಕಿತ್ಸಕರೇ ಮಗುವನ್ನು ಚಲಿಸಿಸುವ ಹಳೆಯ ಕ್ರಮಕ್ಕೆ ಆಧಾರವಿಲ್ಲವೆಂದೂ, ಮಗು ತನಗೆ ಬೇಕಾದ ಕೆಲಸವನ್ನು ತಾನೇ ಮಾಡಿ ಕಲಿಯುವ ಅಭ್ಯಾಸಗಳೇ ಮೇಲೆಂದೂ ಹೇಳಿತು. ಆ ಪದ್ಧತಿಯವರು, ನಾವು ಆ ಹಳೆಯ ಕ್ರಮವನ್ನು ಬಿಟ್ಟು ಎಷ್ಟೋ ಕಾಲವಾಯಿತು ಎಂದು ಉತ್ತರಿಸಿದ್ದಾರೆ. ಜಗಳ ಮುಗಿದಿಲ್ಲ.

ಇದನ್ನು ಕೇಳಿದ್ದ ಹುಡುಗಿ ಓದಿ, ಅವರ ಕಾಲೇಜಿನಲ್ಲಿ ಈಗ ಯಾವ ಪಕ್ಷದ ಪಾಠ ನಡೆಯುತ್ತಿದೆ ಎಂದು ನನಗೆ ಬರೆಯಬೇಕು. ಬರ್ನ್‌ಸ್ಟೈನ್ ಅವರಿಗೆ ಇಲ್ಲಿ ಕೊಟ್ಟ ಜಾಗ ತೀರ ಕಡಿಮೆಯಾಯಿತು, ಅವರ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇನೆ.